ಕೆರೆಯಿಂದ ಕೆರೆಗೆ ನೀರು, ಕಣದಿಂದ ಕಣಕ್ಕೆ ಕರೆಂಟು

ಬೆಂಗಳೂರಿನ ಪೂರ್ವಕ್ಕೆ, ಎಚ್‌ಎಎಲ್‌ನ ಹಳೇ ವಿಮಾನ ನಿಲ್ದಾಣದ ಪಕ್ಕಕ್ಕೆ ಹೊಸ ತಿಪ್ಪಸಂದ್ರ ಅಂತ ಒಂದು ಬಡಾವಣೆ ಇದೆ. ಪಿನ್ ಕೋಡ್ 560075. ಒಂದು ಕಡೆ ಜೀವನ್ ಬಿಮಾ ನಗರ, ಇನ್ನೊಂದು ಕಡೆ ಸಿ.ವಿ. ರಾಮನ್ ನಗರ. ತರಕಾರಿ ಅಂಗಡಿ, ಮೊಬೈಲ್ ರಿಪೇರಿ ಅಂಗಡಿ, ಪೇಯಿಂಗ್ ಗೆಸ್ಟ್ ಬೋರ್ಡು ಒಂದಕ್ಕೊಂದು ಒತ್ತಿಕೊಂಡು ನಿಂತ ಜಾಗ. ನಮ್ಮ ಊರುಗಳಿಂದ ಕೆಲಸಕ್ಕೆ ಹೋದ ಹುಡುಗ ಹುಡುಗಿಯರಲ್ಲಿ ಎಷ್ಟೋ ಜನ ಅಲ್ಲಿ ರೂಮು ಮಾಡಿಕೊಂಡಿದ್ದಾರೆ. ನಮ್ಮ ತಂಡದವರೂ ಇದ್ದೇವೆ.

ಊರಿನ ಹೆಸರಿನ ಕೊನೆಯಲ್ಲಿರುವ ‘ಸಂದ್ರ’ ಅಂದರೆ ಸಮುದ್ರ. ಹಿಂದಿನವರು ದೊಡ್ಡ ಕೆರೆಗೆ ಸಮುದ್ರ ಅನ್ನುತ್ತಿದ್ದರು. ಬೊಮ್ಮಸಂದ್ರ, ಸಿಂಗಸಂದ್ರ, ಜಕ್ಕಸಂದ್ರ ಎಲ್ಲವೂ ಹಾಗೇ ಬಂದ ಹೆಸರುಗಳು. ಬೆಂಗಳೂರಿನ ಈ ಪೂರ್ವ ಭಾಗ ಪೂರ್ತಿ ಕೆರೆಗಳ ಸರಪಳಿ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಕಾಲುವೆಯಲ್ಲಿ ಕೆಳಗಿನ ಕೆರೆಗೆ ನೀರು. ಹಲಸೂರಿನ ಕೆರೆಯ ನೀರು ಕೊನೆಗೆ ಬೆಳ್ಳಂದೂರು ಸೇರಿ, ಅಲ್ಲಿಂದ ವರ್ತೂರು ದಾಟಿ, ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಈಗ ಅದರಲ್ಲಿ ನೀರಿಗಿಂತ ನೊರೆ ಜಾಸ್ತಿ ಅನ್ನುವುದು ಬೇರೆ ಮಾತು.

ನಾವು ಇವತ್ತು ಹೇಳಬೇಕು ಅಂದುಕೊಂಡಿರುವುದು ಕರೆಂಟಿನ ಚರಿತ್ರೆ. ಅದರಲ್ಲೂ ಪ್ಲಾಸ್ಟಿಕ್‌ನಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳ ನಡುವೆ ಕರೆಂಟು ಹೇಗೆ ಹರಿಯುತ್ತದೆ ಅನ್ನುವ ಚರಿತ್ರೆ. ಆದರೆ ಕೆರೆ, ಕೋಡಿ, ಕಾಲುವೆ ಗೊತ್ತಿರುವವರಿಗೆ ಈ ವಿಷಯ ಪೇಟೆಯವರಿಗಿಂತ ಬೇಗ ತಲೆಗೆ ಹೋಗುತ್ತದೆ. ಅದಕ್ಕೇ ಅಲ್ಲಿಂದ ಶುರು ಮಾಡಿದೆವು.

ಮೊದಲು ತಂತಿ ಬಂತು

1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ತಯಾರಾದ ವಿದ್ಯುತ್ತು 147 ಕಿಲೋಮೀಟರ್ ತಂತಿಯಲ್ಲಿ ಹರಿದು ಕೋಲಾರದ ಚಿನ್ನದ ಗಣಿಗೆ ಹೋಯಿತು. ಆ ಕಾಲಕ್ಕೆ ಅಷ್ಟು ದೂರ ವಿದ್ಯುತ್ ಸಾಗಿಸುವುದೇ ದೊಡ್ಡ ಸಾಹಸ. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಯಲ್ಲಿ ದೀಪ ಹತ್ತಿತು. ಗಣಿಗೆ ಮೊದಲು, ಊರಿಗೆ ಆಮೇಲೆ. ಹಳ್ಳಿಗಳಿಗೆ ಬರಲು ಇನ್ನೂ ಎಷ್ಟು ದಶಕ ಹಿಡಿಯಿತು ಅನ್ನುವುದನ್ನು ನಿಮ್ಮ ಮನೆಯ ಹಿರಿಯರನ್ನೇ ಕೇಳಿ.

ತಾಮ್ರದಲ್ಲಿ ಕರೆಂಟು ಹರಿಯುವುದು ತುಂಬಿದ ಹೊಳೆ ಹರಿದಂತೆ. ಪ್ರತಿ ಪರಮಾಣುವೂ ಹೆಚ್ಚುಕಡಿಮೆ ಒಂದೊಂದು ಎಲೆಕ್ಟ್ರಾನನ್ನು ಹೊಳೆಗೆ ಬಿಟ್ಟುಕೊಟ್ಟಿರುತ್ತದೆ. ಅದು ಯಾರ ಸ್ವತ್ತೂ ಅಲ್ಲ, ಇಡೀ ಲೋಹಕ್ಕೆ ಸೇರಿದ್ದು. ಸ್ವಲ್ಪ ಇಳಿಜಾರು ಕೊಟ್ಟರೆ ಸಾಕು, ಹರಿಯುತ್ತದೆ.

ಎರಡನೆಯ ಹಂತ ಅರೆವಾಹಕ, ಅಂದರೆ ಸೆಮಿಕಂಡಕ್ಟರ್. ಇದರ ಕಥೆಯಲ್ಲಿ ಬೆಂಗಳೂರಿನ ಹೊರವಲಯದ ಹಳ್ಳಿಗಳ ಜಮೀನೂ ಇದೆ. 1940ರಲ್ಲಿ ವಿಮಾನ ಕಾರ್ಖಾನೆ ಬಂತು. 1948ರಲ್ಲಿ ಕೆ.ಆರ್. ಪುರದ ಹತ್ತಿರ ಟೆಲಿಫೋನ್ ಕಾರ್ಖಾನೆ ಐಟಿಐ ಬಂತು, ಅದು ನಿಂತ ಜಾಗಕ್ಕೆ ದೂರವಾಣಿ ನಗರ ಅಂತಲೇ ಹೆಸರಾಯಿತು. 1954ರಲ್ಲಿ ಜಾಲಹಳ್ಳಿಯಲ್ಲಿ ಬಿಇಎಲ್. 1964ರಲ್ಲಿ ಬಿಇಎಂಎಲ್, ಅದರ ಬೆಂಗಳೂರು ಕಾರ್ಖಾನೆಯ ಅಂಚೆ ವಿಳಾಸದಲ್ಲಿ ಇವತ್ತಿಗೂ ಹೊಸ ತಿಪ್ಪಸಂದ್ರ ಅಂತಲೇ ಇದೆ. ಇವುಗಳಲ್ಲಿ ನಮ್ಮ ವಿಷಯಕ್ಕೆ ಹತ್ತಿರವಾದದ್ದು ಬಿಇಎಲ್. ಅಲ್ಲಿ 1961ರಲ್ಲಿ ರೇಡಿಯೊ ವಾಲ್ವು, 1962ರಲ್ಲಿ ಜರ್ಮೇನಿಯಂ ಸೆಮಿಕಂಡಕ್ಟರ್ ತಯಾರಿ ಶುರುವಾಯಿತು. ನಮ್ಮ ಅಜ್ಜಂದಿರು ಹೆಗಲಿಗೆ ಹಾಕಿಕೊಂಡು ಹೊಲಕ್ಕೆ ಒಯ್ಯುತ್ತಿದ್ದ ‘ಟ್ರಾನ್ಸಿಸ್ಟರ್’ ರೇಡಿಯೊಗೆ ಹೆಸರು ಕೊಟ್ಟದ್ದು ಒಳಗಿನ ಇಂಥ ಅರೆವಾಹಕ ತುಣುಕೇ.

ಅರೆವಾಹಕ ಅಂದರೆ ಬಹುತೇಕ ಒಣಗಿದ ಹೊಳೆ. ಶುದ್ಧ ಸಿಲಿಕಾನ್‌ನಲ್ಲಿ, ಮಾಮೂಲಿ ಬಿಸಿಲಿನ ದಿನ, ಸುಮಾರು 5 ಲಕ್ಷ ಕೋಟಿ ಪರಮಾಣುಗಳಿಗೆ ಒಂದು ಎಲೆಕ್ಟ್ರಾನ್ ಮಾತ್ರ ಓಡಾಡಲು ಬಿಡುವಾಗಿರುತ್ತದೆ. ಅದಕ್ಕೆ ಚಿಟಿಕೆ ರಂಜಕವನ್ನೋ ಬೋರಾನನ್ನೋ ಬೆರೆಸಿದರೆ ಹರಿವು ಎಷ್ಟೋ ಪಟ್ಟು ಹೆಚ್ಚುತ್ತದೆ. ಬೆಳಕು ಬಿದ್ದರೂ ಹೆಚ್ಚುತ್ತದೆ. ಹೀಗೆ ನಮಗೆ ಬೇಕಾದಾಗ ತೂಬು ಎತ್ತಿ, ಬೇಡವಾದಾಗ ಮುಚ್ಚಲು ಬರುವುದೇ ಇದರ ಬೆಲೆ.

ಇಲ್ಲಿ ಎಲೆಕ್ಟ್ರಾನಿನ ಜೊತೆ ಇನ್ನೊಂದು ಪಾತ್ರವೂ ಇದೆ, ಅದನ್ನು ‘ಹೋಲ್’ ಅನ್ನುತ್ತಾರೆ. ಬಸ್ಸಿನ ಮುಂದಿನ ಸೀಟು ಖಾಲಿಯಾಯಿತು ಅಂದುಕೊಳ್ಳಿ. ಹಿಂದಿನವರು ಮುಂದೆ ಬಂದು ಕೂತರು, ಅವರ ಹಿಂದಿನವರು ಆ ಸೀಟಿಗೆ ಬಂದರು. ನೋಡುವವರಿಗೆ ಖಾಲಿ ಸೀಟೇ ಹಿಂದಕ್ಕೆ ನಡೆದುಹೋದಂತೆ ಕಾಣುತ್ತದೆ. ಎಲೆಕ್ಟ್ರಾನ್ ಬಿಟ್ಟುಹೋದ ಖಾಲಿ ಜಾಗವೂ ಹಾಗೇ ನಡೆಯುತ್ತದೆ. ಎಲೆಕ್ಟ್ರಾನಿಗೆ ಋಣ ಚಾರ್ಜ್, ಹೋಲ್‌ಗೆ ಧನ ಚಾರ್ಜ್. ಸೋಲಾರ್ ಪ್ಯಾನಲ್ಲಿನ ಇಡೀ ಕೆಲಸ ಇವೆರಡನ್ನೂ ಬೇರೆ ಮಾಡಿ, ಎರಡು ಬೇರೆ ಬೇರೆ ಬಾಗಿಲಿಂದ ಹೊರಗೆ ಕಳಿಸುವುದು. ಮಧ್ಯದಲ್ಲಿ ಮತ್ತೆ ಭೇಟಿಯಾದರೆ ಎರಡೂ ಕರಗಿಹೋಗುತ್ತವೆ, ಬಂದ ಬಿಸಿಲು ದಂಡ.

ಪ್ಲಾಸ್ಟಿಕ್‌ಗೆ ಶಾಕ್ ಹೊಡೆದ ವರ್ಷ

ಪ್ಲಾಸ್ಟಿಕ್ ಅಂದರೆ ಕರೆಂಟು ಹರಿಯದ ವಸ್ತು ಅಂತಲೇ ನಮಗೆಲ್ಲ ಗೊತ್ತು. ವೈರಿನ ಮೇಲೆ ಅದನ್ನು ಸುತ್ತುವುದೇ ಅದಕ್ಕೆ. ಆದರೆ 1960ರ ದಶಕದ ಕೊನೆಯಲ್ಲಿ ಜಪಾನಿನ ಹಿದೇಕಿ ಶಿರಾಕಾವಾ ಅವರ ಪ್ರಯೋಗಾಲಯದಲ್ಲಿ ಒಂದು ಎಡವಟ್ಟಾಯಿತು. ಪಾಲಿಅಸಿಟಿಲೀನ್ ಅನ್ನುವ ವಸ್ತು ತಯಾರಿಸುವಾಗ ಹಾಕಬೇಕಾದ ವೇಗವರ್ಧಕವನ್ನು ಸಾವಿರ ಪಟ್ಟು ಹೆಚ್ಚು ಹಾಕಿಬಿಟ್ಟರು. ಕಪ್ಪು ಪುಡಿಯ ಬದಲು ಬೆಳ್ಳಿಯ ಹಾಗೆ ಹೊಳೆಯುವ ಹಾಳೆ ಬಂತು. ಮುಂದೆ ಅಮೆರಿಕದ ಅಲನ್ ಮ್ಯಾಕ್‌ಡಿಯರ್ಮಿಡ್ ಮತ್ತು ಅಲನ್ ಹೀಗರ್ ಜೊತೆ ಸೇರಿ ಆ ಹಾಳೆಗೆ ಅಯೊಡಿನ್ ಆವಿ ಹಾಯಿಸಿದರು. ಅದರಲ್ಲಿ ಕರೆಂಟು ಹರಿಯುವ ಗುಣ ಒಂದು ಕೋಟಿ ಪಟ್ಟು ಹೆಚ್ಚಿತು. ಇದು 1977ರ ಸುದ್ದಿ. 2000ರಲ್ಲಿ ಮೂವರಿಗೂ ನೊಬೆಲ್ ಬಂತು.

ಪ್ಲಾಸ್ಟಿಕ್ ಒಳಗೆ ಚಾರ್ಜ್ ಹೇಗೆ ಸಾಗುತ್ತದೆ? ಒಂದು ಬಾಣಲೆ ಶಾವಿಗೆ ಉಪ್ಪಿಟ್ಟು ನೆನಪಿಸಿಕೊಳ್ಳಿ. ಪಾಲಿಮರ್ ಅಂದರೆ ಅದೇ, ಉದ್ದುದ್ದ ಎಳೆಗಳು ಅಡ್ಡಾದಿಡ್ಡಿ ಬಿದ್ದಿರುವುದು. ಒಂದೇ ಎಳೆಯ ಉದ್ದಕ್ಕೆ ಚಾರ್ಜ್ ಸರಾಗವಾಗಿ ಓಡುತ್ತದೆ. ಎಳೆ ಮುಗಿದಲ್ಲಿ ಅಥವಾ ಮುರುಟಿದಲ್ಲಿ ಪಕ್ಕದ ಎಳೆಗೆ ಜಿಗಿಯಬೇಕು. ಆ ಜಿಗಿತಕ್ಕೆ ಶಕ್ತಿ ಬೇಕು, ಅದನ್ನು ಕೊಡುವುದು ಶಾಖ. ಅದಕ್ಕೇ ತಾಮ್ರ ಬಿಸಿಯಾದರೆ ಕರೆಂಟಿಗೆ ತಡೆ ಹೆಚ್ಚುತ್ತದೆ, ಇಂಥ ಪ್ಲಾಸ್ಟಿಕ್ ಬಿಸಿಯಾದರೆ ತಡೆ ಕಡಿಮೆಯಾಗುತ್ತದೆ. ತಣ್ಣಗಾದರೆ ಜಿಗಿತವೇ ನಿಲ್ಲುತ್ತಾ ಬರುತ್ತದೆ.

ಜಿಗಿತದ ಲೆಕ್ಕವನ್ನು ಬಿಡಿಸಿದವರಲ್ಲಿ ಇಂಗ್ಲೆಂಡಿನ ನೆವಿಲ್ ಮಾಟ್ ದೊಡ್ಡವರು. ಅವರಿಗೆ ನೊಬೆಲ್ ಬಂದದ್ದೂ 1977ರಲ್ಲೇ. ಅವರು ಹೇಳಿದ್ದರ ತಿರುಳು ನಮ್ಮೂರಿನ ಸಂಬಂಧ ನೋಡುವ ಪದ್ಧತಿ ಇದ್ದಂತಿದೆ. ಪಕ್ಕದ ಮನೆ ಹತ್ತಿರ ನಿಜ, ಆದರೆ ಎರಡು ಮನೆಗೂ ಅಂತಸ್ತು ಹೊಂದಬೇಕಲ್ಲ. ಹೊಂದದಿದ್ದರೆ ಹತ್ತು ಮೈಲಿ ಆಚೆಯ ಊರಿನ ಮನೆಯೇ ವಾಸಿ. ಎಲೆಕ್ಟ್ರಾನ್ ಕೂಡ ಚಳಿ ಹೆಚ್ಚಿದಂತೆ ಹತ್ತಿರದ ಜಾಗ ಬಿಟ್ಟು, ಶಕ್ತಿಯಲ್ಲಿ ಸರಿಸಮ ಇರುವ ದೂರದ ಜಾಗ ಹುಡುಕುತ್ತದೆ.

ಈ ವಿಷಯದಲ್ಲಿ ಬೆಂಗಳೂರಿನ ಹೆಸರು ಸೇರಿದ್ದು ರೆಘು ಮೆನನ್ ಅವರಿಂದ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದರೆ ಊರಿನ ಹಳಬರು ಟಾಟಾ ಇನ್‌ಸ್ಟಿಟ್ಯೂಟ್ ಅನ್ನುವ ಸಂಸ್ಥೆಯಲ್ಲಿ ಓದಿ, 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹೀಗರ್ ಜೊತೆ ಕೆಲಸ ಮಾಡಿದರು. ಕರೆಂಟು ಹರಿಯುವ ಪ್ಲಾಸ್ಟಿಕ್ಕನ್ನು ದ್ರವ ಹೀಲಿಯಂನ ಚಳಿಗೆ, ಮೈನಸ್ 269 ಡಿಗ್ರಿಯ ಆಸುಪಾಸಿಗೆ ಇಳಿಸಿ ನೋಡಿದರು. ಚೆನ್ನಾಗಿ ತಯಾರಿಸಿದ ಪ್ಲಾಸ್ಟಿಕ್ ಆ ಚಳಿಯಲ್ಲೂ ಕರೆಂಟು ಬಿಡುತ್ತದೆ, ಅಂದರೆ ಅದು ಲೋಹದ ಅಂಚಿಗೆ ಬಂದು ನಿಂತಿದೆ ಅನ್ನುವುದನ್ನು ಆ ಗುಂಪು ತೋರಿಸಿತು. ಆಮೇಲೆ ಅವರು ವಾಪಸು ಬಂದು ಇದೇ ಸಂಸ್ಥೆಯ ಭೌತವಿಜ್ಞಾನ ವಿಭಾಗದಲ್ಲಿ ಮೇಷ್ಟ್ರಾದರು.

ಹಳದಿ ಬಣ್ಣದ ಪುಡಿ ಬಿಳುಚಿಕೊಂಡದ್ದು

ಇನ್ನೊಂದು ಕಡೆ ಬೇರೆಯೇ ಒಂದು ಕಥೆ ನಡೆಯುತ್ತಿತ್ತು. ಕ್ಯಾಡ್ಮಿಯಂ ಸಲ್ಫೈಡ್ ಅಂತ ಒಂದು ಹಳದಿ ಪುಡಿ ಇದೆ, ಚಿತ್ರ ಬರೆಯುವವರ ಹಳದಿ ಬಣ್ಣಕ್ಕೆ ಅದನ್ನೇ ಹಾಕುತ್ತಿದ್ದರು. ಇದೂ ಅರೆವಾಹಕ. 1983ರಲ್ಲಿ ಅಮೆರಿಕದ ಲೂಯಿ ಬ್ರೂಸ್ ದ್ರವದಲ್ಲಿ ತೇಲುವ ಇದರ ಅತಿ ಸಣ್ಣ ಕಣಗಳನ್ನು ನೋಡುವಾಗ, ಕಣ ಸಣ್ಣದಾದಷ್ಟೂ ಅದು ಹೀರುವ ಬೆಳಕೇ ಬೇರೆಯಾಗುತ್ತದೆ ಅನ್ನುವುದನ್ನು ಕಂಡರು. ತೀರಾ ಸಣ್ಣದು ಮಾಡಿದರೆ ಹಳದಿ ಮಾಸಿ ಬಣ್ಣವೇ ಇಲ್ಲದಂತಾಗುತ್ತದೆ. ಅದಕ್ಕೂ ಸ್ವಲ್ಪ ಮೊದಲು ಸೋವಿಯತ್ ದೇಶದ ಅಲೆಕ್ಸಿ ಎಕಿಮೋವ್ ಗಾಜಿನೊಳಗಿನ ಕಣಗಳಲ್ಲಿ ಇದನ್ನೇ ನೋಡಿದ್ದರು. 1993ರಲ್ಲಿ ಮೌಂಗಿ ಬವೆಂಡಿ ಒಂದೇ ಅಳತೆಯ ಕಣಗಳನ್ನು ಅಚ್ಚುಕಟ್ಟಾಗಿ ತಯಾರಿಸುವ ಅಡುಗೆ ಕಂಡುಹಿಡಿದರು. ಈ ಮೂವರಿಗೆ 2023ರಲ್ಲಿ ನೊಬೆಲ್ ಸಿಕ್ಕಿತು.

ಕಣ ಅಂದರೆ ಎಷ್ಟು ಸಣ್ಣದು? 2ರಿಂದ 6 ನ್ಯಾನೊಮೀಟರ್. ನಿಮ್ಮ ತಲೆಕೂದಲಿನ ದಪ್ಪ ಹೆಚ್ಚುಕಡಿಮೆ 80 ಸಾವಿರ ನ್ಯಾನೊಮೀಟರ್. ಅಷ್ಟು ಇಕ್ಕಟ್ಟಿನಲ್ಲಿ ಎಲೆಕ್ಟ್ರಾನನ್ನು ಕೂಡಿಹಾಕಿದರೆ ಅದರ ನಡವಳಿಕೆಯೇ ಬದಲಾಗುತ್ತದೆ. ಕ್ಯಾಡ್ಮಿಯಂ ಸೆಲೆನೈಡ್ ಕಣ ದೊಡ್ಡದಿದ್ದರೆ ಕೆಂಪು ಬೆಳಕು, ಸಣ್ಣದಿದ್ದರೆ ನೀಲಿಯ ಕಡೆಗೆ. ವಸ್ತು ಅದೇ, ಅಳತೆ ಮಾತ್ರ ಬೇರೆ.

ಈಗ ಎರಡೂ ಕಥೆ ಸೇರುವ ಜಾಗಕ್ಕೆ ಬಂದೆವು. ಪ್ಲಾಸ್ಟಿಕ್ ಅಗ್ಗ, ದ್ರಾವಣ ಮಾಡಿ ಬಣ್ಣದ ಹಾಗೆ ಬಳಿಯಬಹುದು, ಬೆಳಕನ್ನೂ ಚೆನ್ನಾಗಿ ಹೀರುತ್ತದೆ. ಹೋಲ್‌ಗಳು ಅದರಲ್ಲಿ ಹೇಗೋ ನಡೆಯುತ್ತವೆ, ಎಲೆಕ್ಟ್ರಾನ್‌ಗಳಿಗೆ ಮಾತ್ರ ಅದು ಕೆಸರುಗದ್ದೆ. ಅರೆವಾಹಕ ಕಣಗಳು ಎಲೆಕ್ಟ್ರಾನನ್ನು ಪ್ರೀತಿಯಿಂದ ಕರೆದು ಕೂರಿಸಿಕೊಳ್ಳುತ್ತವೆ. ಹಾಗಾದರೆ ಎರಡನ್ನೂ ಬೆರೆಸಿದರೆ? ಶಾವಿಗೆಯಲ್ಲಿ ಸಾಸಿವೆ ಬೆರೆಸಿದ ಹಾಗೆ?

ಬೆರೆಸಲೇಬೇಕಾದ ಇನ್ನೊಂದು ಕಾರಣವೂ ಇತ್ತು. ಪ್ಲಾಸ್ಟಿಕ್ ಮೇಲೆ ಬೆಳಕು ಬಿದ್ದಾಗ ಎಲೆಕ್ಟ್ರಾನ್ ಮತ್ತು ಹೋಲ್ ಕೈಕೈ ಹಿಡಿದುಕೊಂಡ ಜೋಡಿಯಾಗಿ ಹುಟ್ಟುತ್ತವೆ. ಆ ಜೋಡಿ ಸಾಯುವ ಮುನ್ನ ಸುಮಾರು 10 ನ್ಯಾನೊಮೀಟರ್ ಮಾತ್ರ ನಡೆಯಬಲ್ಲದು. ಆದರೆ ಬೆಳಕನ್ನು ಪೂರ್ತಿ ಹೀರಬೇಕಾದರೆ ಪದರ 100–200 ನ್ಯಾನೊಮೀಟರ್ ದಪ್ಪ ಇರಬೇಕು. ಮೈಲಿ ದೂರದಲ್ಲಿ ಬಾಗಿಲಿಟ್ಟು ಹತ್ತು ಹೆಜ್ಜೆ ನಡೆಯುವವರನ್ನು ಕರೆದಂತೆ. ಅದಕ್ಕೆ ಹತ್ತು ಹೆಜ್ಜೆಗೊಂದು ಕಣ ಸಿಗುವ ಹಾಗೆ ಕಲಸಿಬಿಟ್ಟರೆ ಜೋಡಿ ಅಲ್ಲೇ ಬೇರೆಯಾಗುತ್ತದೆ: ಎಲೆಕ್ಟ್ರಾನ್ ಕಣಕ್ಕೆ, ಹೋಲ್ ಪ್ಲಾಸ್ಟಿಕ್‌ಗೆ.

1996ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ನೀಲ್ ಗ್ರೀನ್‌ಹ್ಯಾಮ್, ಪೆಂಗ್ ಮತ್ತು ಪಾಲ್ ಅಲಿವಿಸಾಟೋಸ್ ಇದನ್ನು ಕ್ರಮವಾಗಿ ಮಾಡಿ ನೋಡಿದರು. ಕೆರೆ ಗೊತ್ತಿದ್ದವರಿಗೆ ಅನುಕೂಲ ಅಂತ ಮೊದಲೇ ಹೇಳಿದ್ದು ಇದಕ್ಕೇ. ಪ್ರತಿಯೊಂದು ಕಣವೂ ಒಂದು ಕೆರೆ. ಎಲೆಕ್ಟ್ರಾನ್ ನೀರು. ಕಣಗಳನ್ನು ತಯಾರಿಸುವಾಗ ಅವು ಒಂದಕ್ಕೊಂದು ಅಂಟದಿರಲಿ ಅಂತ ಸುತ್ತಲೂ ಎಣ್ಣೆಯಂಥ ಉದ್ದನೆಯ ಅಣುಗಳ ಬೇಲಿ ಕಟ್ಟಿರುತ್ತಾರೆ. ಆ ಬೇಲಿಯ ದಪ್ಪ ಸುಮಾರು ಒಂದು ನ್ಯಾನೊಮೀಟರ್, ಅಷ್ಟೇ. ಆದರೆ ಎಲೆಕ್ಟ್ರಾನಿಗೆ ಅದು ಕೋಡಿಯೇ ಇಲ್ಲದ ಎತ್ತರದ ಏರಿ. ಒಳಗೂ ಬರಲಾರದು, ಬಂದದ್ದು ಹೊರಗೂ ಹೋಗಲಾರದು. ಪಿರಿಡೀನ್ ಅನ್ನುವ, ಮೂಗು ಹಿಡಿದುಕೊಳ್ಳಬೇಕಾದಷ್ಟು ವಾಸನೆಯ ದ್ರವದಲ್ಲಿ ತೊಳೆದು ಆ ಬೇಲಿ ತೆಗೆದರೆ ಮಾತ್ರ ಪ್ಲಾಸ್ಟಿಕ್‌ನಿಂದ ಕಣಕ್ಕೆ ಎಲೆಕ್ಟ್ರಾನ್ ದಾಟಿತು.

ದಾಟಿದರೆ ಸಾಕೇ? ಒಂದು ಕಣಕ್ಕೆ ಬಂದು ಕೂತ ಎಲೆಕ್ಟ್ರಾನ್ ಪಕ್ಕದ ಕಣಕ್ಕೆ, ಅದರ ಪಕ್ಕದ ಕಣಕ್ಕೆ ಜಿಗಿದು ಲೋಹದ ಬಾಗಿಲು ಮುಟ್ಟಬೇಕು. ಸುತ್ತ ಬೇರೆ ಕಣ ಇಲ್ಲದಿದ್ದರೆ ಅದು ಕಾಲುವೆ ಇಲ್ಲದ ಒಂಟಿ ಕೆರೆ, ನೀರು ಅಲ್ಲೇ ನಿಂತು ಆವಿಯಾಗುತ್ತದೆ. ಅಂದರೆ ಪಕ್ಕದಲ್ಲಿ ಸುಳಿದ ಹೋಲ್ ಜೊತೆ ಸೇರಿ ಕರಗಿಹೋಗುತ್ತದೆ. ಕಣಗಳ ಪ್ರಮಾಣ ಹೆಚ್ಚಿಸುತ್ತಾ ಹೋದರೆ ಬಹಳ ಹೊತ್ತು ಏನೂ ಆಗುವುದಿಲ್ಲ, ಒಂದು ಹಂತ ದಾಟಿದ ಕೂಡಲೇ ಒಂದು ಬದಿಯಿಂದ ಇನ್ನೊಂದು ಬದಿಗೆ ಕಣಗಳ ಸರಪಳಿ ಸೇರಿಕೊಂಡು ಕರೆಂಟು ಹರಿಯತೊಡಗುತ್ತದೆ. ಸರಪಳಿಯ ಒಂದೇ ಒಂದು ಕೆರೆ ಮುಚ್ಚಿ ಸೈಟು ಮಾಡಿದರೆ ಕೆಳಗಿನ ಊರಿಗೆ ನೀರು ನಿಲ್ಲುವುದನ್ನು ನೋಡಿದ್ದೇವಲ್ಲ, ಅದರದೇ ತಿರುವುಮುರುವು. ಬರ್ಕ್ಲಿಯವರ ಪ್ರಯೋಗದಲ್ಲಿ ಕಣಗಳು ತುಂಬಾ ಹೆಚ್ಚಿದ್ದ ಮಿಶ್ರಣದಲ್ಲಿ ಬಿದ್ದ 100 ಬೆಳಕಿನ ಕಣಗಳಿಗೆ 12 ಎಲೆಕ್ಟ್ರಾನ್‌ಗಳು ಹೊರಬಂದವು, ಅದೂ ಒಂದು ಬಣ್ಣದ ಬೆಳಕಿನಲ್ಲಿ. ಬರೀ ಪ್ಲಾಸ್ಟಿಕ್‌ಗೆ ಹೋಲಿಸಿದರೆ ಅದು ದೊಡ್ಡ ಜಿಗಿತ.

ಜಕ್ಕೂರಿನ ಪದರ

ಇದಾಗಿ ಮೂರು ವರ್ಷಕ್ಕೆ, 1999ರಲ್ಲಿ, ಬೆಂಗಳೂರಿನಿಂದ ಒಂದು ಪ್ರಬಂಧ ಅಮೆರಿಕದ ‘ಅಪ್ಲೈಡ್ ಫಿಸಿಕ್ಸ್ ಲೆಟರ್ಸ್’ ಪತ್ರಿಕೆಯಲ್ಲಿ ಬಂತು. ಎರಡು ಕೆಲಸ ಮಾಡುವ ಪಾಲಿಮರ್–ನ್ಯಾನೊಕಣ ಮಿಶ್ರ ಸಾಧನಗಳು ಅನ್ನುವುದು ಅದರ ಶೀರ್ಷಿಕೆಯ ಅರ್ಥ. ಬರೆದವರು ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಕೆ.ಎಸ್. ನಾರಾಯಣ್, ಟಾಟಾ ಇನ್‌ಸ್ಟಿಟ್ಯೂಟಿನ ಡಿ.ಡಿ. ಶರ್ಮಾ ಮತ್ತು ಅವರ ಜೊತೆಗಿದ್ದ ಎಳೆಯರು. ಒಬ್ಬರದು ಪ್ಲಾಸ್ಟಿಕ್‌ನ ಪರಿಣತಿ, ಇನ್ನೊಬ್ಬರದು ಕಣಗಳದು. ಮಿಶ್ರ ವಸ್ತುವಿಗೆ ಮಿಶ್ರ ತಂಡ.

ಜಕ್ಕೂರು ಕೂಡ ಕೆರೆಯ ಊರೇ. ಸಿ.ಎನ್.ಆರ್. ರಾವ್ ಅವರು ಕಟ್ಟಿದ ಈ ಕೇಂದ್ರ ಶುರುವಾದದ್ದು 1989ರಲ್ಲಿ, ಅಂದರೆ ಆ ಪ್ರಬಂಧ ಬಂದಾಗ ಸಂಸ್ಥೆಗೆ ಹತ್ತೇ ವರ್ಷ. ಜಗತ್ತಿನ ದೊಡ್ಡ ಪ್ರಯೋಗಾಲಯಗಳು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡ ಕೆಲವೇ ವರ್ಷಗಳಲ್ಲಿ ಇಲ್ಲಿಯೂ ಅದೇ ಪ್ರಶ್ನೆ ಮೇಜಿನ ಮೇಲಿತ್ತು. ನಮ್ಮವರು ಯಾವಾಗಲೂ ಹಿಂದೆ ಅನ್ನುವ ಮಾತು ಎಲ್ಲ ಕಡೆಗೂ ಹೊಂದುವುದಿಲ್ಲ.

‘ಎರಡು ಕೆಲಸ’ ಅನ್ನುವುದು ಈ ಬಗೆಯ ಪದರದಲ್ಲೇ ಅಡಗಿರುವ ಗುಣ. ಬೆಳಕು ಕೊಟ್ಟರೆ ಚಾರ್ಜ್ ಬೇರೆಯಾಗಿ ಕರೆಂಟು ಬರಬಹುದು. ಹೊರಗಿನಿಂದ ಕರೆಂಟು ಕೊಟ್ಟರೆ ಎಲೆಕ್ಟ್ರಾನ್ ಒಂದು ಬದಿಯಿಂದ, ಹೋಲ್ ಇನ್ನೊಂದು ಬದಿಯಿಂದ ಒಳಗೆ ಬಂದು, ಮಧ್ಯೆ ಕೂಡಿ, ಬೆಳಕು ಬರಬಹುದು. ಸೋಲಾರ್ ಪ್ಯಾನಲ್ಲು ಮತ್ತು ದೀಪ, ಒಂದೇ ದಾರಿಯ ಹೋಗುವ ಬಸ್ಸು ಮತ್ತು ಬರುವ ಬಸ್ಸು.

ಇಂಥ ಸಾಧನ ಮಾಡುವುದು ನೋಡಲು ಸರಳ. ಒಂದು ಚೂರು ಗಾಜು, ಅದರ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಇಂಡಿಯಂ–ತವರದ ಆಕ್ಸೈಡ್, ಅದು ಬೆಳಕನ್ನೂ ಬಿಡುತ್ತದೆ ಕರೆಂಟನ್ನೂ ಬಿಡುತ್ತದೆ. ಮೇಲೆ ಮಿಶ್ರಣದ ಎರಡು ಹನಿ ಹಾಕಿ ಗಾಜನ್ನು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಿಸಿದರೆ ನೀರುದೋಸೆಗಿಂತ ಸಾವಿರಾರು ಪಟ್ಟು ತೆಳುವಾದ ಪದರ ಹರಡುತ್ತದೆ. ಕೊನೆಗೆ ಗಾಳಿ ತೆಗೆದ ಡಬ್ಬಿಯಲ್ಲಿ ಅಲ್ಯೂಮಿನಿಯಂ ಕಾಯಿಸಿ ಆವಿ ಮಾಡಿ ಅದರ ಮೇಲೆ ಕೂರಿಸುತ್ತಾರೆ. ಗಾಳಿ, ತೇವ ತಾಗಿದರೆ ಪ್ಲಾಸ್ಟಿಕ್ ಹಾಳು. ಅದಕ್ಕೇ ಗಾಜಿನ ಪೆಟ್ಟಿಗೆಯೊಳಗೆ ಉದ್ದನೆಯ ಕೈಗವಸಿನಲ್ಲಿ ಕೈ ತೂರಿಸಿ ಕೆಲಸ.

ಚಾರ್ಜ್ ಎಷ್ಟು ವೇಗವಾಗಿ ನಡೆಯುತ್ತದೆ ಅಂತ ಅಳೆಯುವ ಒಂದು ಉಪಾಯ ನಮಗೆ ಬಹಳ ಹಿಡಿಸಿತು. ಪದರದ ಒಂದು ಮೈಮೇಲೆ ಕ್ಷಣದ ಪಾಲಿನಷ್ಟು ಲೇಸರ್ ಬೆಳಕು ಹೊಡೆಯುತ್ತಾರೆ. ಅಲ್ಲಿ ಹುಟ್ಟಿದ ಚಾರ್ಜ್ ಇನ್ನೊಂದು ಬದಿ ಮುಟ್ಟುವ ತನಕ ಕಾಯುತ್ತಾರೆ. ಮೇಲಿನ ಕೆರೆಯ ತೂಬು ಎತ್ತಿ, ಕೆಳಗಿನ ಊರಿಗೆ ನೀರು ಎಷ್ಟು ಹೊತ್ತಿಗೆ ಬಂತು ಅಂತ ನೋಡಿದ ಹಾಗೆ. ಒಟ್ಟಿಗೇ ಬಂದರೆ ಕಾಲುವೆ ಚೆನ್ನಾಗಿದೆ. ಸ್ವಲ್ಪ ಬೇಗ, ಉಳಿದದ್ದು ತೊಟ್ಟಿಕ್ಕುತ್ತಾ ಬಂದರೆ ದಾರಿಯಲ್ಲಿ ಗುಂಡಿಗಳಿವೆ. ಈ ಪ್ಲಾಸ್ಟಿಕ್‌ಗಳಲ್ಲಿ ಹೆಚ್ಚಾಗಿ ಕಾಣುವುದು ಎರಡನೆಯದೇ. ಸಿಲಿಕಾನ್‌ಗೆ ಹೋಲಿಸಿದರೆ ಅದರಲ್ಲಿ ಚಾರ್ಜಿನ ನಡಿಗೆ ಲಕ್ಷಾಂತರ ಪಟ್ಟು ನಿಧಾನ.

ನಿಧಾನ ಅನ್ನುವುದಕ್ಕೆ ಎಕರೆ ಲೆಕ್ಕ

2002ರಲ್ಲಿ ಅಲಿವಿಸಾಟೋಸ್ ಗುಂಪು ಗುಂಡು ಕಣಗಳ ಬದಲು ಕಡ್ಡಿಯಂಥ ಕಣ ಬಳಸಿತು. ದಪ್ಪ 7, ಉದ್ದ 60 ನ್ಯಾನೊಮೀಟರ್. ಕೆರೆಗಳನ್ನು ತೆಗೆದು ಉದ್ದುದ್ದ ಕಾಲುವೆ ತೋಡಿದ ಹಾಗೆ, ಜಿಗಿತಗಳ ಸಂಖ್ಯೆ ಕಡಿಮೆ. ಮಿಶ್ರಣದ ತೂಕದಲ್ಲಿ 90% ಕಣಗಳೇ. ಬಿಸಿಲಿನ 1.7% ಪಾಲು ವಿದ್ಯುತ್ತಾಯಿತು. ‘ಗೋಡೆಗೆ ಬಳಿದರೆ ಕರೆಂಟು’ ಅನ್ನುವ ಬಗೆಯ ಸುದ್ದಿಗಳು ಜಗತ್ತಿನಾದ್ಯಂತ ಹುಟ್ಟಿದ್ದು ಆ ಕಾಲದಲ್ಲಿ. ಪತ್ರಿಕೋದ್ಯಮ ಓದಿದವರಾಗಿ ನಮಗೆ ಅನ್ನಿಸುವುದು: ಅಂಥ ಸುದ್ದಿ ಬರೆಯುವಾಗ ಎಷ್ಟು ಶೇಕಡಾ, ಎಷ್ಟು ವರ್ಷ ಬಾಳಿಕೆ ಅನ್ನುವ ಎರಡು ಅಂಕಿ ಮೊದಲ ಸಾಲಿನಲ್ಲೇ ಇರಬೇಕಿತ್ತು.

2010ರ ಹೊತ್ತಿಗೂ ಕ್ಯಾಡ್ಮಿಯಂ ಸೆಲೆನೈಡ್–ಪ್ಲಾಸ್ಟಿಕ್ ಮಿಶ್ರಣದ ಪ್ರಯೋಗಾಲಯದ ದಾಖಲೆ ಸುಮಾರು 3% ಮಾತ್ರ. ಕಾರಣ ಮೇಲೆ ಹೇಳಿದ ಕೆರೆಗಳದೇ. ಬೇಲಿ ತೆಗೆದರೆ ಕಣಗಳು ಮುದ್ದೆಯಾಗುತ್ತವೆ, ತೆಗೆಯದಿದ್ದರೆ ಎಲೆಕ್ಟ್ರಾನ್ ದಾಟುವುದಿಲ್ಲ. ತೆಗೆದ ಜಾಗದಲ್ಲಿ ಕಣದ ಮೈಮೇಲೆ ಗುಂಡಿಗಳು ಉಳಿಯುತ್ತವೆ, ಎಲೆಕ್ಟ್ರಾನ್ ಅದರಲ್ಲಿ ಬಿದ್ದು ಏಳುವುದಿಲ್ಲ.

3% ಅಂದರೆ ನಮಗೆ ಏನು? ತುಮಕೂರು ಜಿಲ್ಲೆಯ ಪಾವಗಡಕ್ಕೆ ಹೋಗಿ. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಊರುಗಳ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. ರೈತರು ಜಮೀನು ಮಾರಲಿಲ್ಲ, ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಶುರುವಾಗುವ ಗುತ್ತಿಗೆಗೆ ಕೊಟ್ಟರು. ಆ ಕಾಲದ ಸಿಲಿಕಾನ್ ಪ್ಯಾನಲ್ಲು ಬಿಸಿಲಿನ ಸುಮಾರು 16–17% ಪಾಲನ್ನು ವಿದ್ಯುತ್ ಮಾಡುತ್ತಿತ್ತು. ಅದೇ ವಿದ್ಯುತ್ತನ್ನು 3%ನ ಪ್ಲಾಸ್ಟಿಕ್ ಪ್ಯಾನಲ್ಲಿನಿಂದ ತೆಗೆಯಬೇಕೆಂದರೆ ಐದಾರು ಪಟ್ಟು ಜಾಗ ಬೇಕು, 65 ಸಾವಿರ ಎಕರೆಗೂ ಮೀರಿ. ಪ್ಯಾನಲ್ಲು ಎಷ್ಟೇ ಅಗ್ಗವಾದರೂ ಜಮೀನು, ಕಂಬಿ, ಕೂಲಿ ಅಗ್ಗವಾಗುವುದಿಲ್ಲ. ಕೂದಲಿಗಿಂತ ಸಾವಿರಾರು ಪಟ್ಟು ಸಣ್ಣ ಜಾಗದಲ್ಲಿ ಎಲೆಕ್ಟ್ರಾನ್ ಜಿಗಿಯಿತೋ ಬಿತ್ತೋ ಅನ್ನುವುದು ಕೊನೆಗೆ ಎಷ್ಟು ಊರಿನ ಹೊಲ ಹೋಗುತ್ತದೆ ಅನ್ನುವ ಪ್ರಶ್ನೆಯಾಗಿಬಿಡುತ್ತದೆ.

ಅದೇ ಹೊತ್ತಿಗೆ 2010ರಿಂದ 2020ರ ನಡುವೆ ಸಿಲಿಕಾನ್ ಪ್ಯಾನಲ್ಲಿನ ಬೆಲೆ ಹೆಚ್ಚುಕಡಿಮೆ ಹತ್ತರಲ್ಲಿ ಒಂದು ಪಾಲಿಗೆ ಇಳಿಯಿತು. ಅದಕ್ಕೆ 25 ವರ್ಷದ ಗ್ಯಾರಂಟಿ. ಪ್ಲಾಸ್ಟಿಕ್‌ಗೆ ಆಮ್ಲಜನಕ, ನೀರು, ಬಿಸಿಲು ಮೂರೂ ವೈರಿ. ಹೀಗೆ ಈ ಓಟದಲ್ಲಿ ಮಿಶ್ರ ವಸ್ತು ಸೋತಿತು.

ಸೋತದ್ದಕ್ಕೆ ನಮಗೆ ಪೂರ್ತಿ ಬೇಸರವಿಲ್ಲ. ಕ್ಯಾಡ್ಮಿಯಂ ಒಳ್ಳೆಯ ಲೋಹವಲ್ಲ. ಜಪಾನಿನ ಜಿಂಜು ನದಿಯ ಬಯಲಲ್ಲಿ ಗಣಿಯ ಕ್ಯಾಡ್ಮಿಯಂ ನೀರಿನಿಂದ ಭತ್ತದ ಗದ್ದೆಗೆ, ಗದ್ದೆಯಿಂದ ಅನ್ನಕ್ಕೆ ಬಂತು. ಉಂಡವರ ಮೂತ್ರಪಿಂಡ ಕೆಟ್ಟು, ಮೂಳೆ ಮೆತ್ತಗಾಗಿ, ಕೆಮ್ಮಿದರೂ ಮುರಿಯುತ್ತಿತ್ತು. ನೋವಿನ ಕೂಗೇ ಆ ರೋಗದ ಹೆಸರಾಯಿತು: ಇಟಾಯ್–ಇಟಾಯ್. ಅಲ್ಲಿನ ಸರ್ಕಾರ ಅದನ್ನು ಮಾಲಿನ್ಯದಿಂದ ಬಂದ ರೋಗ ಅಂತ ಒಪ್ಪಿದ್ದು 1968ರಲ್ಲಿ. ಯುರೋಪಿನಲ್ಲಿ ಈಗ ಎಲೆಕ್ಟ್ರಾನಿಕ್ ಸಾಮಾನಿನ ವಸ್ತುಗಳಲ್ಲಿ ಕ್ಯಾಡ್ಮಿಯಂ ತೂಕದ 0.01% ಮೀರಬಾರದು ಅನ್ನುವ ನಿಯಮವಿದೆ. ಒಡೆದು ಹೋದ ಅಗ್ಗದ ಪ್ಯಾನಲ್ಲುಗಳು ಕೊನೆಗೆ ಯಾರ ಊರಿನ ಹಳ್ಳಕ್ಕೆ ಬೀಳುತ್ತಿದ್ದವು ಅನ್ನುವುದನ್ನು ಊಹಿಸುವುದು ಕಷ್ಟವಲ್ಲ.

ಆ ಕೆಲಸವೆಲ್ಲ ನೀರಲ್ಲಿ ಹೋಮವಾಯಿತೇ ಅಂದರೆ, ಇಲ್ಲ. ಅಂಗಡಿಯಲ್ಲಿ ‘ಕ್ಯೂಎಲ್‌ಇಡಿ’ ಅಂತ ಮಾರುವ ಟಿವಿಗಳಲ್ಲಿ ಇರುವುದು ಇದೇ ಕಣಗಳು, ಈಗ ಹಲವದರಲ್ಲಿ ಕ್ಯಾಡ್ಮಿಯಂ ಬದಲು ಇಂಡಿಯಂ ಫಾಸ್ಫೈಡ್. ಆದರೆ ಸಾಮಾನ್ಯವಾಗಿ ಅಲ್ಲಿ ಕಣಗಳು ನೀಲಿ ಬೆಳಕನ್ನು ಕೆಂಪು, ಹಸಿರು ಮಾಡಿಕೊಡುತ್ತವೆ ಅಷ್ಟೇ, ಕರೆಂಟು ಹೊರುವುದಿಲ್ಲ. ಹೊರುವ ಕೆಲಸ ಇನ್ನೂ ಕಷ್ಟವೇ. ನಿಮ್ಮ ಫೋನಿನದು ಅಮೊಲೆಡ್ ಪರದೆಯಾದರೆ ಅದರಲ್ಲಿ ಚಾರ್ಜ್ ನಡೆಯುವುದು ಇಂಗಾಲದ ಅಣುಗಳ ಮೇಲೆಯೇ, ಜಿಗಿಯುತ್ತಾ ಜಿಗಿಯುತ್ತಾ. ಅಲ್ಲಿ ಪದರ ಬಹಳ ತೆಳು, ನಡೆಯಬೇಕಾದ ದೂರ ಕಡಿಮೆ, ಹಾಗಾಗಿ ನಿಧಾನ ನಡಿಗೆಯೂ ಸಾಕಾಯಿತು.

2009ರಲ್ಲಿ ಜಪಾನಿನ ತ್ಸುತೋಮು ಮಿಯಾಸಾಕಾ ಗುಂಪು ಪೆರೋವ್‌ಸ್ಕೈಟ್ ಅನ್ನುವ ಇನ್ನೊಂದು ಮಿಶ್ರ ವಸ್ತುವಿನಿಂದ ಸೋಲಾರ್ ಕೋಶ ಮಾಡಿತು. ಇಲ್ಲಿ ಕಣ ಬೇರೆ ಪ್ಲಾಸ್ಟಿಕ್ ಬೇರೆ ಅಲ್ಲ, ಒಂದೇ ಹರಳಿನೊಳಗೆ ಲೋಹದ ಭಾಗವೂ ಇಂಗಾಲದ ಭಾಗವೂ ಕೂತಿವೆ. ಆಗ 3.8% ಇದ್ದದ್ದು ಈಗ ಪ್ರಯೋಗಾಲಯದಲ್ಲಿ 25% ದಾಟಿದೆ. ಮುಖ್ಯ ಕಾರಣ, ಅದರಲ್ಲಿ ಚಾರ್ಜ್ ಹತ್ತಲ್ಲ, ಸಾವಿರ ನ್ಯಾನೊಮೀಟರ್‌ವರೆಗೂ ಬೀಳದೆ ನಡೆಯುತ್ತದೆ. ಅದರಲ್ಲಿ ಸೀಸವಿದೆ, ಮಳೆ ತಾಗಿದರೆ ಕೆಡುತ್ತದೆ ಅನ್ನುವ ಎರಡು ತೊಡಕು ಇನ್ನೂ ಇವೆ.

ಜಕ್ಕೂರಿನಲ್ಲಿ ನಾರಾಯಣ್ ಅವರ ಪ್ರಯೋಗಾಲಯ ಬೇರೊಂದು ದಾರಿ ಹಿಡಿಯಿತು. ಬೆಳಕಿಗೆ ಸ್ಪಂದಿಸುವ ಪ್ಲಾಸ್ಟಿಕ್ ಟ್ರಾನ್ಸಿಸ್ಟರ್ ಅನ್ನು 2001ರಲ್ಲೇ ಮಾಡಿದ್ದರು. 2011ರಲ್ಲಿ ಒಂದೇ ಪದರದ ಪ್ಲಾಸ್ಟಿಕ್‌ನಿಂದ ಮೂರು ಬಣ್ಣ ಗುರುತಿಸುವ ಸಾಧನ. ಇಲ್ಲಿ ಪದರದ ಒಂದು ಬದಿಗೆ ಅಲ್ಯೂಮಿನಿಯಂ ಇರಲಿಲ್ಲ, ನೀರಿತ್ತು. ಬೆಳಕು ಬಿದ್ದಾಗ ಚಾರ್ಜ್ ನೀರಿನ ಅಂಚಿಗೆ ಬಂದು ನಿಲ್ಲುತ್ತದೆ, ಆ ಕಡೆಯ ಉಪ್ಪಿನ ಅಯಾನುಗಳು ಅದರತ್ತ ಸರಿಯುತ್ತವೆ. ನಮ್ಮ ಕಣ್ಣಿನ ಒಳಗಿರುವುದೂ ಉಪ್ಪುನೀರೇ ಅಲ್ಲವೇ. 2014ರಲ್ಲಿ ಟೆಲ್ ಅವೀವ್‌ನ ಯೇಲ್ ಹನೈನ್ ಗುಂಪಿನ ಜೊತೆ ಸೇರಿ, ಮೊಟ್ಟೆಯೊಳಗೇ ಇದ್ದ, ಇನ್ನೂ ಬೆಳಕು ಕಾಣುವ ಶಕ್ತಿ ಬಾರದ ಕೋಳಿಮರಿಯ ಕಣ್ಣಿನ ಪರದೆಯನ್ನು ತೆಗೆದು ಈ ಪ್ಲಾಸ್ಟಿಕ್ ಮೇಲಿಟ್ಟರು. ಬೆಳಕು ಬಿಟ್ಟರು. ಪರದೆಯ ನರಕೋಶಗಳು ಸಂಕೇತ ಕೊಟ್ಟವು.